ವಿಕ್ಟೋರಿಯಾ ರಾಣಿ ಮತ್ತು ಅಪ್ಪಾಜಿಯ ಸೋಮವಾರ

ಹೆಂಡತಿ ಬರೆದಿಟ್ಟ ನೋಟ್‌ಬುಕ್ಕನ್ನು ಗಂಡನಾದವನು ತೆರೆದು ನೋಡಬಾರದು. ನಮ್ಮ ಹಿರಿಯರು ಏನೇನೋ ಹೇಳಿ ಹೋಗಿದ್ದಾರೆ, ಇದೊಂದನ್ನು ಯಾಕೆ ಬಿಟ್ಟರೋ ಗೊತ್ತಿಲ್ಲ. ಹೇಳಿದ್ದರೆ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಸರ್ಕಾರಿ ನೌಕರನೊಬ್ಬ ಮನೆಮನೆಯ ಗೇಟು ಬಡಿದು, ‘ಕೆಂಚವೀರಪ್ಪನವರಿಗೆ ಒಟ್ಟು ಎಷ್ಟು ಜನ ಹೆಂಡಿರು’ ಎಂದು ಕೇಳುವ ಪ್ರಸಂಗ ಬರುತ್ತಿರಲಿಲ್ಲ. ಕೆಂಚವೀರಪ್ಪನವರು ಎಂದರೆ ನಮ್ಮ ಅಪ್ಪಾಜಿ.

ನಾನು ಬಕ್ಕೇಶ್. ಮಂಡಿಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದೇನೆ. ಇಂಗ್ಲಿಷಿಗೂ ನನಗೂ ಪಿಯುಸಿ ಎರಡನೇ ವರ್ಷದಲ್ಲೇ ಸಂಬಂಧ ಹರಿದುಹೋಗಿದೆ. ನನ್ನ ಹೆಂಡತಿ ಉಮಾಮಹೇಶ್ವರಿ ಹಾಗಲ್ಲ. ಮದುವೆಯಾಗಿ ಹತ್ತು ವರ್ಷದ ಮೇಲೆ ಹಟ ಹಿಡಿದು ದೂರಶಿಕ್ಷಣದಲ್ಲಿ ಇಂಗ್ಲಿಷ್ ಎಂ.ಎ. ಕಟ್ಟಿದಳು. ಎಲ್ಲ ಪಾಸಾಗಿ ಒಂದು ಪೇಪರ್ ಮಾತ್ರ ಉಳಿಯಿತು. ಅದು ವಿಕ್ಟೋರಿಯಾ ರಾಣಿಯ ಕಾಲದ ಸಾಹಿತ್ಯವಂತೆ. ಆ ರಾಣಿ ಸತ್ತು ನೂರು ವರ್ಷ ದಾಟಿದರೂ ನಮ್ಮ ಮನೆಯ ಅಡುಗೆಗೆ ತಡವಾಗುವುದು ಅವಳಿಂದಲೇ.

ಅಪ್ಪಾಜಿಯ ಬಗ್ಗೆ ಹೇಳದಿದ್ದರೆ ನನ್ನ ಭಯ ನಿಮಗೆ ಅರ್ಥವಾಗುವುದಿಲ್ಲ. ನಮ್ಮ ಓಣಿಯಲ್ಲಿ ಬೈಕಿನ ಮೇಲೆ ಜೋಡಿಯಾಗಿ ಹೋಗುವ ಹುಡುಗ ಹುಡುಗಿಯರು ನಮ್ಮ ಗೇಟಿನ ಮುಂದೆ ಬಂದಾಗ ಇಳಿದು, ಬೇರೆ ಬೇರೆ ನಡೆದು, ಮೂಲೆ ದಾಟಿದ ಮೇಲೆ ಮತ್ತೆ ಹತ್ತುತ್ತಾರೆ. ಅಷ್ಟು ನೀತಿವಂತರು ನಮ್ಮ ಅಪ್ಪಾಜಿ. ಮೂವತ್ತು ವರ್ಷದಿಂದ ಪ್ರತಿ ಸೋಮವಾರ ಹನಿ ನೀರು ಮುಟ್ಟದೆ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ಹರಿಹರೇಶ್ವರನ ದರ್ಶನ ಮಾಡಿ, ಹೊತ್ತು ಮುಳುಗುವ ಮುನ್ನ ಬರುತ್ತಾರೆ. ಅವರು ಉಪವಾಸ ಇದ್ದ ಮೇಲೆ, ಈಗ ತೀರಿಹೋಗಿರುವ ಅವ್ವನಾಗಲಿ ನಾವಾಗಲಿ ಉಣ್ಣುವುದುಂಟೇ? ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗಿನಿಂದ ಸೋಮವಾರ ಎಂದರೆ ನಮ್ಮ ಮನೆಯ ಒಲೆ ಹಚ್ಚುವುದು ರಾತ್ರಿಯೇ.

ನನ್ನ ತಂಗಿ ವಾಣಿಗೆ ಸಂಬಂಧ ತಂದವರೂ ಅಪ್ಪಾಜಿಯೇ. ಹುಡುಗ ಹರಿಹರದ ಕೊಟ್ಟೂರೇಶ್, ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ತಂದೆ ಇಲ್ಲ. ತಾಯಿ ಕೊಟ್ರವ್ವ ಸೋಮವಾರವೊಂದು ಬಿಟ್ಟು ದಿನವೂ ಖಾನಾವಳಿ ನಡೆಸಿ ಮಗನನ್ನು ಓದಿಸಿದಾಕೆ. ‘ಒಳ್ಳೆ ಮನೆತನ, ನನಗೆ ಗೊತ್ತು’ ಎಂದರು ಅಪ್ಪಾಜಿ. ಹೇಗೆ ಗೊತ್ತು ಎಂದು ಕೇಳುವ ಗಂಡಸು ನಮ್ಮ ವಂಶದಲ್ಲಿ ಹುಟ್ಟಿಲ್ಲ. ಹುಡುಗ ಹುಡುಗಿ ಒಪ್ಪಿದರು. ನಿಶ್ಚಿತಾರ್ಥ ಮುಂದಿನ ವಾರದ ಶುಕ್ರವಾರ ಎಂದಾಯಿತು.

ಮಾತುಕತೆಯ ದಿನ ಕೊಟ್ಟೂರೇಶ್ ಚಹಾ ಕುಡಿಯುತ್ತ ಕೇಳಿದ, “ಅಕ್ಕಾರು ವಿಕ್ಟೋರಿಯನ್ ಪೇಪರ್ ಓದ್ತಿದಾರಂತೆ. ಕಷ್ಟ ಐತೆ ಅದು. ಯಾರು ಹೇಳ್ಕೊಡ್ತಾರೆ?”

ನನ್ನ ನಾಲಿಗೆಗೆ ಆಗ ಯಾವ ಗ್ರಹಚಾರ ಬಡಿಯಿತೋ. “ನಾನೇ ಹೇಳ್ಕೊಡ್ತೀನಿ. ಅಂಗಡಿ ಮುಚ್ಚಿದಮ್ಯಾಲೆ ದಿನಾ ಒಂದು ತಾಸು,” ಎಂದುಬಿಟ್ಟೆ. ಉಮಾ ಬಾಗಿಲ ಹಿಂದೆ ನಿಂತು ನನ್ನನ್ನೇ ನೋಡಿದಳು, ಮರ್ಯಾದೆಗೆ ಸುಮ್ಮನಾದಳು.

“ಹಂಗಾದ್ರೆ ಶುಕ್ರವಾರ ಬಂದಾಗ ನಿಮ್ಮ ಹತ್ರ ಕುಂತು ಮಾತಾಡ್ಬೇಕು,” ಎಂದ ಭಾವಿ ಮೈದುನ.

ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು. ಮರುದಿನ ಉಮಾ ಸಂತೆಗೆ ಹೋದಾಗ ನಾಲ್ಕು ಇಂಗ್ಲಿಷ್ ಮಾತಾದರೂ ಬಾಯಿಪಾಠ ಮಾಡೋಣವೆಂದು ಅವಳ ಪುಸ್ತಕಗಳನ್ನು ತೆರೆದೆ. ಒಂದು ಪುಟ ಓದುವಷ್ಟರಲ್ಲಿ ತಲೆ ತಿರುಗಿತು. ಒಂದು ಲೋಟ ನೀರು ಕುಡಿಯೋಣವೆಂದು ಅಡುಗೆಮನೆಗೆ ಹೋದರೆ, ಸಾಂಬಾರು ಡಬ್ಬಿಗಳ ಹಿಂದೆ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ ಒಂದು ನೋಟ್‌ಬುಕ್ ಕಂಡಿತು. ತೆಗೆದೆ. ಕನ್ನಡ. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ‘ಕುಟುಂಬ, ಮದುವೆ, ನೀತಿ’ ಎಂದು ಬರೆದು ಎರಡು ಗೆರೆ ಎಳೆದಿದ್ದಳು. ಓದುವ ಪುಸ್ತಕವೆಲ್ಲ ಇಂಗ್ಲಿಷಿನಲ್ಲಿ ಕಪಾಟಿನಲ್ಲಿರುವಾಗ, ಕನ್ನಡದ್ದೊಂದನ್ನು ಜೀರಿಗೆ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದಾಳೆ ಎಂದರೆ ಏನರ್ಥ? ಇದು ಮನೆಯ ಗುಟ್ಟು ಎಂದು ನನಗೆ ಕೂಡಲೇ ಹೊಳೆಯಿತು. ಎರಡನೇ ಪುಟ ತಿರುವಿದೆ.

‘ಕೆಂಚವೀರಪ್ಪ: ಊರಿಗೆಲ್ಲ ನೀತಿ ಹೇಳುವ ಗೌರವಸ್ಥ. ಪಕ್ಕದ ಊರಿನಲ್ಲಿ ಇನ್ನೊಂದು ಸಂಸಾರ. ದೇವರ ಕಾರ್ಯದ ನೆಪದಲ್ಲಿ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಾನೆ.’

ಮಾವನ ಮುಂದೆ ಸೆರಗು ಹೊದೆಯದೆ ನಿಲ್ಲದ ಸೊಸೆ ಏಕವಚನದಲ್ಲಿ ಬರೆದಿದ್ದಾಳೆ. ಎಷ್ಟು ನೊಂದಿರಬೇಡ.

‘ಕೊಟ್ಟೂರೇಶ್: ವಾಣಿಯನ್ನು ಮದುವೆಯಾಗಲು ಬರುವವನು. ತಂದೆ ಯಾರೆಂದು ಅವನಿಗೆ ತಿಳಿಯದು. ವಾಸ್ತವದಲ್ಲಿ ಕೆಂಚವೀರಪ್ಪನ ಮಗ.’

‘ವಾಣಿ: ಮುಗ್ಧೆ. ಮದುವೆಯ ದಿನ ಸತ್ಯ ಹೊರಬೀಳುತ್ತದೆ. ನದಿಗೆ ಹಾರುತ್ತಾಳೆ.’

‘ಬಕ್ಕೇಶ್: ಸಜ್ಜನ. ಬುದ್ಧಿ ಸ್ವಲ್ಪ ಕಮ್ಮಿ. ಎಲ್ಲ ಕೈಮೀರಿದ ಮೇಲೆ ಎಚ್ಚರಗೊಳ್ಳುತ್ತಾನೆ. ನೆಗಡಿಯಿಂದ ಸಾಯುತ್ತಾನೆ.’

‘ಉಮಾ: ವಿಧವೆ. ಒಂದು ವರ್ಷ ಕಪ್ಪು ಬಟ್ಟೆ. ನಂತರ ಡಾಕ್ಟರನ್ನು ಮದುವೆಯಾಗುತ್ತಾಳೆ. ಸುಖಾಂತ್ಯ.’

ನಾನು ಅಲ್ಲೇ ಅಕ್ಕಿ ಡಬ್ಬದ ಮೇಲೆ ಕುಳಿತೆ. ಆಗಲೇ ಒಂದು ಸೀನು ಬಂತು. ಎರಡು ದಿನದಿಂದ ಮೂಗು ಕಟ್ಟಿತ್ತು, ಅದನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ನಮ್ಮ ಎದುರು ಮನೆಯಲ್ಲೇ ಡಾಕ್ಟರ್ ಯೋಗರಾಜ್ ಇರುತ್ತಾರೆ. ಇನ್ನೂ ಮದುವೆಯಾಗಿಲ್ಲ. ‘ನಮಸ್ಕಾರ ಅಕ್ಕಾರೆ’ ಎಂದು ಉಮಾಗೆ ದಿನವೂ ಹೇಳುತ್ತಾರೆ. ಆ ‘ಅಕ್ಕಾರೆ’ಯ ಹಿಂದೆ ಇಷ್ಟು ದೂರದ ಆಲೋಚನೆ ಇದೆಯೆಂದು ಯಾರಿಗೆ ಗೊತ್ತಿತ್ತು?

ಸಂಜೆ ಉಮಾ ಮೆಣಸು, ಶುಂಠಿ ಹಾಕಿ ಕಷಾಯ ತಂದಳು. “ಬಿಸಿ ಇದ್ದಾಗಲೇ ಕುಡೀರಿ. ನೆಗಡಿ ಬಾಳ ಆಗೈತೆ ನಿಮಗೆ.”

ಲೋಟ ಇಸಿದುಕೊಂಡೆ. ಅವಳು ಅತ್ತ ತಿರುಗುತ್ತಲೇ ದಾಸವಾಳದ ಕುಂಡಕ್ಕೆ ಸುರಿದೆ. ಮೂರು ದಿನ ಹಾಗೇ ನಡೆಯಿತು. ನೆಗಡಿ ಹೆಚ್ಚಾಯಿತು.

ಆದರೂ ನನ್ನ ಸಾವಿನ ಚಿಂತೆ ಎರಡನೆಯದು. ವಾಣಿಯ ಮುಖ ನೋಡಿದರೆ ಕರುಳು ಹಿಂಡಿದಂತಾಗುತ್ತಿತ್ತು. ನಿಶ್ಚಿತಾರ್ಥದ ಸೀರೆಗೆ ಕುಚ್ಚು ಕಟ್ಟುತ್ತ ಹಾಡಿಕೊಳ್ಳುತ್ತಿದ್ದಳು. ಹರಿಹರವೆಂದರೆ ತುಂಗಭದ್ರೆ, ನದಿ ಊರಿಗೇ ಅಂಟಿಕೊಂಡಿದೆ. ಈ ಮದುವೆ ನಿಲ್ಲಬೇಕು, ಕಾರಣ ಮಾತ್ರ ಯಾರಿಗೂ ಗೊತ್ತಾಗಬಾರದು. ಬಿಸಿತುಪ್ಪ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಗುಟ್ಟಾಗಿ ಸಲಹೆ ಕೇಳಲು ಪಕ್ಕದ ಮನೆಯ ಜಂಬಯ್ಯನವರ ಹತ್ತಿರ ಹೋದೆ. ಗುಟ್ಟು ಹೇಳಲು ಜಂಬಯ್ಯನವರನ್ನು ಆರಿಸಿಕೊಂಡಿದ್ದರಿಂದಲೇ, ನನಗೆ ಬುದ್ಧಿ ಸ್ವಲ್ಪ ಕಮ್ಮಿ ಎಂದು ಬರೆದದ್ದು ಸುಳ್ಳಲ್ಲವೆಂದು ನೀವು ತಿಳಿಯಬಹುದು.

ಜಂಬಯ್ಯನವರು ನೋಂದಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನಾನು ಜಾಣತನದಿಂದ, “ನನ್ನ ಸ್ನೇಹಿತ ಒಬ್ಬ ಅದಾನೆ. ಅವರಪ್ಪಗೆ ಇನ್ನೊಂದು ಸಂಸಾರ ಐತೆ ಅಂತ ಅನುಮಾನ,” ಎಂದೆ.

ಜಂಬಯ್ಯನವರು ಕನ್ನಡಕ ತೆಗೆದರು. “ಕೆಂಚವೀರಪ್ಪನೋರಿಗಾ? ಯಾವ ಊರಾಗೆ? ಹರಿಹರದಾಗಾ? ನಿಮ್ಮ ಹೊಸ ಬೀಗತಿ ಕೊಟ್ರವ್ವನ ಜೋಡಿನಾ?”

“ನಾನು ಸ್ನೇಹಿತ ಅಂದೆ.”

“ಗೊತ್ತಾತು ಬಿಡು. ನೋಡಪ್ಪ, ಬಾಯಿಮಾತು ನಂಬಬ್ಯಾಡ. ಕಾಗದ ಸುಳ್ಳು ಹೇಳಲ್ಲ. ನಾಡಕಚೇರಿಗೆ ಹೋಗಿ ವಂಶವೃಕ್ಷಕ್ಕೆ ಒಂದು ಅರ್ಜಿ ಹಾಕು. ಎಷ್ಟು ಕೊಂಬಿ ಐತೆ, ಯಾವ ಕೊಂಬಿ ಯಾವ ಊರಿಗೆ ಹೋಗೈತೆ, ಎಲ್ಲ ಬರ್ತೈತೆ.”

ಹಾಕಿದೆ. ಎರಡು ದಿನ ಬಿಟ್ಟು ವಿಚಾರಿಸಲು ಹೋದರೆ ಇಜಾಜ್ ಎಂಬ ತರುಣ ಆಡಳಿತಾಧಿಕಾರಿ ನನ್ನ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ.

“ಯಾರು ತೀರ್ಕೊಂಡಾರೆ ಸರ್?”

“ಯಾರೂ ಇಲ್ಲ. ಇನ್ನೊಂದು ವಾರದಾಗೆ ನಾನೇ ಹೋಗಬಹುದು.”

“ಆಸ್ತಿ ಭಾಗನಾ?”

“ಅಲ್ಲ. ನಮ್ಮಪ್ಪಗೆ ಎಷ್ಟು ಸಂಸಾರ ಐತೆ ಅಂತ ಸರ್ಕಾರಕ್ಕೆ ಗೊತ್ತೈತೇನು ಅಂತ ನೋಡೋದಿತ್ತು.”

ಇಜಾಜ್ ಪೆನ್ನು ಕೆಳಗಿಟ್ಟ. “ಸರ್, ನೀವು ಹೇಳಿದ್ದೇ ಸರ್ಕಾರಕ್ಕೆ ಗೊತ್ತಾಗೋದು. ನಾವು ಸ್ಥಳಕ್ಕೆ ಬಂದು ಅಕ್ಕಪಕ್ಕದೋರನ್ನ ಕೇಳಿ ಪಂಚನಾಮೆ ಮಾಡ್ತೀವಿ. ಅವ್ರು ಎಷ್ಟು ಅಂತಾರೋ ಅಷ್ಟು ಬರೀತೀವಿ.”

ನಾನು ಮೇಜಿನ ಮೇಲಿದ್ದ ಅರ್ಜಿಗೆ ಕೈ ಚಾಚಿದೆ. “ಅರ್ಜಿ ವಾಪಸ್ ಕೊಟ್ಟುಬಿಡ್ರಿ.”

“ಆನ್‌ಲೈನ್‌ನಾಗೆ ಹೋಗೈತೆ ಸರ್. ಇನ್ನು ನನ್ನ ಕೈಯಾಗಿಲ್ಲ,” ಎಂದ. ಯಾವಾಗ ಬರುತ್ತೀರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಸೋಮವಾರ ಬಂತು. ಅಪ್ಪಾಜಿ ವಿಭೂತಿ ಧರಿಸಿ, ಬಿಳಿ ಪಂಚೆ ಉಟ್ಟು, “ಯಾರೂ ಬಾಯಿಗೆ ಏನೂ ಹಾಕ್ಕಬ್ಯಾಡ್ರಿ,” ಎಂದು ಎಚ್ಚರಿಸಿ ಬಸ್ಸಿಗೆ ಹೊರಟರು. ಬಸ್ಸಿನ ಹಿಂದೆ ನಾನು ಹೆಲ್ಮೆಟ್ ಹಾಕಿ ಬೈಕಿನಲ್ಲಿ. ಹೆಲ್ಮೆಟ್ಟಿನೊಳಗೆ ಸೀನುವುದು ಎಂಥ ಯಾತನೆಯೆಂದು ಅನುಭವಿಸಿದವನೇ ಬಲ್ಲ. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪಾಜಿ ಇಳಿದರು. ಒಂದು ಆಟೋ ಅವರಿಗಾಗಿಯೇ ಕಾದಿತ್ತು. ನಾನು ಗಾಡಿ ತಿರುಗಿಸುವುದರೊಳಗೆ ಆಟೋ ಸಂದಿಯಲ್ಲಿ ಮಾಯವಾಯಿತು. ಕಾಲು ತಾಸಿನ ಮೇಲೆ ಅದೇ ಆಟೋ ಖಾಲಿ ಬಂತು. ಓಡಿಸುವವರು ಹಿರಿಯರು, ಗಾಜಿನ ಮೇಲೆ ಇಮಾಮ್ ಸಾಬ್ ಎಂದು ಹೆಸರಿತ್ತು.

“ಇಮಾಮ್ ಸಾಬ್ರೆ, ಆ ಯಜಮಾನ್ರನ್ನ ದೇವಸ್ಥಾನಕ್ಕೆ ಬಿಟ್ರಾ?”

“ದೇವಸ್ಥಾನಕ್ಕೆ ಆಟೋದಾಗಿಂದಾನೆ ಕೈ ಮುಗೀತಾರ್ರಿ. ನಿಲ್ಸಬ್ಯಾಡ ಅಂತಾರೆ. ಸೀದಾ ಕೊಟ್ರವ್ವನ ಮನಿ, ಹಿತ್ತಲ ಬಾಗ್ಲು.”

“ಇವತ್ತು ಖಾನಾವಳಿ ರಜಾ ಅಲ್ವೇನ್ರಿ?”

“ರಜಾ ಊರಿಗ್ರಿ,” ಎಂದರು ಇಮಾಮ್ ಸಾಬ್, “ಅಜ್ಜಾರಿಗೆ ಎಲ್ಲಿ ರಜಾ.”

ಎಷ್ಟೇ ಆಗಲಿ, ಆ ನೋಟ್‌ಬುಕ್ಕಿನಲ್ಲಿ ಒಂದು ಪಾಲಾದರೂ ಸುಳ್ಳಿರಲಿ ಎಂದು ಅಲ್ಲಿಯವರೆಗೆ ಹಾರೈಸುತ್ತಿದ್ದೆ. ಈಗ ಅದೂ ಹೋಯಿತು. ಬೈಕನ್ನು ಅಲ್ಲೇ ಬಿಟ್ಟು, ಆಟೋ ಹತ್ತಿ ಅದೇ ಹಿತ್ತಲ ಬಾಗಿಲಿಗೆ ಹೋದೆ. ಕದ ತಟ್ಟಿದೆ. ಕೊಟ್ರವ್ವನೇ ತೆಗೆದರು. ನನ್ನನ್ನು ಕಂಡು ಅವರ ಮುಖ ಬಿಳಿಚಿಕೊಂಡಿತು.

“ಅಮ್ಮಾರೆ, ಅಪ್ಪಾಜಿ ಒಳಗದಾರೆ ಅಂತ ನನಗೆ ಗೊತ್ತಾಗೈತೆ.”

“ಲಿಂಗ ಮುಟ್ಟಿಸಿ ಆಣಿ ತಗೊಂಡಾರೆ ಬಕ್ಕೇಶಪ್ಪಾರೆ,” ಎಂದು ಪಿಸುಗುಟ್ಟಿದರು. “ನನ್ನ ಬಾಯಿಂದ ಏನೂ ಕೇಳಬ್ಯಾಡ್ರಿ.”

“ಎಷ್ಟು ವರ್ಷ ಆತು ಇದು?”

“ನಾನು ಈ ಮನಿಗೆ ಸೊಸಿಯಾಗಿ ಬಂದ ವರ್ಷ ಶುರು ಆಗಿದ್ದು. ಮೊದ್ಲು ನಮ್ಮತ್ತಿ ನೋಡ್ಕೊಂತಿದ್ರು. ಅವ್ರು ಹೋದಮ್ಯಾಲೆ ನನ್ನ ಕೊರಳಿಗೆ ಬಿತ್ತು.”

ಅತ್ತೆಯೂ ಸೇರಿದ್ದಳೆಂದು ಉಮಾ ಕೂಡ ಬರೆದಿರಲಿಲ್ಲ. “ನಿಮ್ಮ ಯಜಮಾನ್ರಿಗೆ ಗೊತ್ತಿತ್ತಾ?”

“ಅವ್ರೇ ಬಾಗ್ಲು ತೆಗೀತಿದ್ರಲ್ಲ.”

“ಕೊಟ್ಟೂರೇಶಗೆ?”

“ಗೊತ್ತಿಲ್ದೆ ಇರ್ತೈತಾ? ಸಣ್ಣಾವಿದ್ದಾಗ ಇವರ ತೊಡಿಮ್ಯಾಲೇ ಕುಂದರ್ತಿದ್ದ. ಅವನಿಗೂ ಆಣಿ ಹಾಕ್ಸ್ಯಾರೆ.”

“ಗೊತ್ತಿದ್ದೂ ವಾಣಿನ ಮಾಡ್ಕೊಳ್ಳಾಕೆ ಒಪ್ಪಿದ್ನಾ? ಅಮ್ಮಾರೆ, ಕೈ ಮುಗೀತೀನಿ, ಈ ಮದುವಿ ಆಗಬಾರ್ದು.”

ಕೊಟ್ರವ್ವನ ಹುಬ್ಬು ಮೇಲೇರಿತು. “ಇಷ್ಟಕ್ಕೆ ಮದುವಿ ಮುರೀತೀರಾ?”

“ಇಷ್ಟಕ್ಕಾ? ಅವರಿಬ್ರೂ ಅಣ್ಣ ತಂಗಿ ಆಗ್ತಾರಲ್ರಿ.”

ಕೊಟ್ರವ್ವನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತ್ತು. ನಾನು ಹೇಳಿದ್ದು ಅವರ ತಲೆಗೆ ಮೆಲ್ಲಗೆ ಇಳಿಯುತ್ತಿರುವುದು ಮುಖದ ಮೇಲೆ ಕಾಣುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಅಪ್ಪಾಜಿಯ ಧ್ವನಿ ಬಂತು, “ಕೊಟ್ರವ್ವ, ಮಜ್ಜಿಗಿ ಮೆಣಸಿನಕಾಯಿ ಕರಿದಿಲ್ಲೇನು ಇವತ್ತು?”

ನಾನು ಒಳಗೆ ನುಗ್ಗಿದೆ. ನಮ್ಮ ಅಪ್ಪಾಜಿ, ಮೂವತ್ತು ವರ್ಷದ ನಿರಾಹಾರಿ, ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಮುಂದೆ ಜೋಳದ ರೊಟ್ಟಿಯ ಅಟ್ಟಿ, ಬದನೇಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು. ಮೀಸೆಯ ಮೇಲೆ ಶೇಂಗಾ ಚಟ್ನಿಪುಡಿ. ಸುತ್ತ ಹುಡುಕಿದೆ, ಸಂಸಾರ ಎಂಬುದು ಎಲ್ಲೂ ಕಾಣಲಿಲ್ಲ. ಒಂದು ಎಣ್ಣೆ ಡಬ್ಬ, ಎರಡು ಚೀಲ ಜೋಳ, ಅಷ್ಟೇ.

ಅಪ್ಪಾಜಿಯ ಬಾಯಿಯ ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅಪ್ಪಾಜಿ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೆದರಿದ ಅಪ್ಪಾಜಿಯನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

ಆಗ ನನ್ನ ಫೋನ್ ಬಡಿದುಕೊಂಡಿತು. ಉಮಾ. ಅವಸರದಲ್ಲಿ ಬೆರಳು ಎಲ್ಲೋ ತಾಗಿ ಸ್ಪೀಕರ್ ಆನ್ ಆಯಿತು. “ಏನ್ರಿ, ಎಲ್ಲದೀರಿ? ಯಾರೋ ಇಜಾಜ್ ಅಂತ ಆಫೀಸರು ಬಂದಾರೆ. ಮಾವಾರಿಗೆ ಎಷ್ಟು ಜನ ಹೆಂಡ್ರು ಅಂತ ಓಣಿ ತುಂಬ ಕೇಳ್ತಿದಾರೆ. ನೀವೇ ಅರ್ಜಿ ಕೊಟ್ಟೀರಂತೆ. ಜಂಬಯ್ಯನೋರು ‘ಹರಿಹರದಾಗೆ ಒಂದು ಐತೆ, ಕೊಟ್ರವ್ವ ಅಂತ ಹೆಸ್ರು’ ಅಂತ ಹೇಳಿ ಬರೆಸ್ಯಾರೆ. ಸಹಿ ಒಂದು ಬಾಕಿ.”

ಮಣೆಯ ಮೇಲಿಂದ ಅಪ್ಪಾಜಿ ಕೂಗಿದರು, “ಯಾವನಲೇ ಹೇಳಿದ್ದು ನಿನಗೆ?”

“ಉಮಾನೇ ಬರೆದಿಟ್ಟಾಳೆ ಅಪ್ಪಾಜಿ. ನೋಟ್‌ಬುಕ್ಕಿನಾಗೆ. ನಿಮ್ಮ ಎರಡನೇ ಸಂಸಾರ, ವಾಣಿ ನದಿಗೆ ಹಾರೋದು, ನಾನು ನೆಗಡಿ ಬಂದು ಸಾಯೋದು, ಅಕಿ ಡಾಕ್ಟ್ರನ್ನ ಮಾಡ್ಕೊಳ್ಳೋದು, ಎಲ್ಲ.”

ಫೋನಿನಲ್ಲಿ ಉಮಾ, ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. “ಅದು ನನ್ನ ಪರೀಕ್ಷಿ ನೋಟ್ಸ್ ಕಣ್ರಿ. ಆ ಇಂಗ್ಲಿಷ್ ಕಾದಂಬರಿಯಾಗೆ ಒಬ್ಬೊಬ್ರಿಗೂ ಮೂರು ಹೆಸ್ರು. ಹೋದ ವರ್ಷ ಹೆಸ್ರು ಕಲಸಿಕೊಂಡೇ ಫೇಲಾದೆ. ಈ ಸಲ ಮರೀಬಾರ್ದು ಅಂತ ಮನಿ ಮಂದಿ ಹೆಸ್ರು ಹಾಕ್ಕೊಂಡೆ. ರೊಟ್ಟಿ ಬಡಿಯೋವಾಗ ಓದಾಕೆ ಡಬ್ಬಿ ಹಿಂದಿಟ್ಟಿದ್ದೆ. ಆ ಕಾಲದಾಗೆ ಅವರ ಪುಸ್ತಕದಾಗೆ ಎಲ್ಲ ಹಂಗೇ. ಮ್ಯಾಲೆ ದೊಡ್ಡ ಮನಿಷಾ, ಒಳಗೆ ಒಂದು ಗುಟ್ಟು.” ಆಮೇಲೆ, “ಕಷಾಯ ಯಾಕೆ ದಾಸವಾಳದ ಕುಂಡಕ್ಕೆ ಹೋಗ್ತಿತ್ತು ಅಂತ ಈಗ ಗೊತ್ತಾತು,” ಎಂದಳು.

ಊಟದ ಬಿಡುವಿಗೆ ಶಾಲೆಯಿಂದ ಬಂದಿದ್ದ ಕೊಟ್ಟೂರೇಶ್ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದ. ನಗು ತಡೆಯಲಾರದೆ ಗೋಡೆಗೆ ತಲೆ ಹಚ್ಚಿದ. ನನಗೂ ಜೀವ ಬಂದಂತಾಗಿ ಸಣ್ಣಗೆ ನಕ್ಕೆ. ಕೊಟ್ರವ್ವ ನಗಲಿಲ್ಲ.

“ನಗಬ್ಯಾಡ ಕೊಟ್ಟೂರೇಶ,” ಎಂದರು. ಅವರ ಧ್ವನಿ ಏರಿರಲಿಲ್ಲ, ನನಗೆ ಅದೇ ಹೆಚ್ಚು ಭಯ ಹುಟ್ಟಿಸಿತು. “ಗಂಡ ಸತ್ತಮ್ಯಾಲೆ ಒಬ್ಬಾಕೆ ಖಾನಾವಳಿ ನಡೆಸಿದೀನಿ. ಒಂದು ಮಾತು ಅನ್ನಿಸ್ಕೊಂಡಿಲ್ಲ. ಇವತ್ತು ದಾವಣಗೇರಿಯಾಗೆ ನನ್ನ ಹೆಸ್ರು ಕಾಗದದ ಮ್ಯಾಲೆ ಬರ್ದಾರೆ.” ಅಪ್ಪಾಜಿಯ ಕಡೆ ತಿರುಗಿದರು. ಆವರೆಗೆ ಅವರನ್ನು ‘ಬೀಗರೆ’ ಎನ್ನುತ್ತಿದ್ದವರು, “ಕೆಂಚವೀರಪ್ಪನೋರೆ,” ಎಂದರು. “ಮೂವತ್ತು ವರ್ಷ ನಿಮ್ಮ ಮಾನ ನಾವು ಮುಚ್ಚಿಟ್ವಿ. ಈಗ ನನ್ನ ಮಾನ ಹೊಂಟೈತೆ. ನಡೀರಿ, ನೀವು ಇಲ್ಲಿಗೆ ಯಾಕ ಬರ್ತಿದ್ರಿ ಅಂತ ನಿಮ್ಮ ಓಣಿ ಮುಂದೆ ನಿಂತು ಹೇಳ್ರಿ. ಇಲ್ಲಂದ್ರೆ ಶುಕ್ರವಾರ ನಾವು ಬರಲ್ಲ.”

“ಓಣಿ ಮುಂದೆ,” ಎಂದರು ಅಪ್ಪಾಜಿ. ಮೀಸೆ ಒರೆಸಿಕೊಂಡು ಎದ್ದರು.

ಇಮಾಮ್ ಸಾಬರ ಆಟೋದಲ್ಲಿ ದಾವಣಗೆರೆಗೆ ಹೊರಟೆವು. ಹಿಂದೆ ಅಪ್ಪಾಜಿ, ಕೊಟ್ರವ್ವ, ಅವರ ತೊಡೆಯ ಮೇಲೆ ಒಂದು ಟಿಫಿನ್ ಕ್ಯಾರಿಯರ್, ಪಕ್ಕದಲ್ಲಿ ನಾನು. ಕೊಟ್ಟೂರೇಶ್ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟಿದ್ದ ನನ್ನ ಬೈಕಿನಲ್ಲಿ. ದಾರಿಯಲ್ಲಿ ಅಪ್ಪಾಜಿ ಯಾರ ಮುಖವನ್ನೂ ನೋಡದೆ ಹೇಳಿದರು. ಮೂವತ್ತು ವರ್ಷದ ಹಿಂದೆ ನಾಲ್ಕು ಜನರ ಮುಂದೆ ಜಂಬದಿಂದ ಸೋಮವಾರದ ವ್ರತ ಹಿಡಿದರಂತೆ. ಎರಡು ವಾರ ನಡೆಯಿತು. ಮೂರನೇ ವಾರ ಹರಿಹರದ ಗುಡಿಯಿಂದ ಹೊರಗೆ ಬರುವಾಗ, ಆಗ ಸೋಮವಾರವೂ ತೆರೆದಿರುತ್ತಿದ್ದ ಈ ಖಾನಾವಳಿಯ ಒಗ್ಗರಣೆ ವಾಸನೆ ಬಂತಂತೆ.

“ಊರೆಲ್ಲ ಕಾಲು ಮುಟ್ಟಾಕೆ ಶುರು ಮಾಡಿದ್ರು ಬಕ್ಕ. ಹೆಂಗೆ ಹೇಳ್ಲಿ?” ಎಂದರು. ಒಂದು ಫರ್ಲಾಂಗು ಹೋದ ಮೇಲೆ, “ನಿಮ್ಮವ್ವಗೂ ಹೇಳ್ಲಿಲ್ಲ. ಅಕಿ ಸಾಯೋ ತನಕ ಖರೇನೇ ಉಪವಾಸ ಮಾಡಿದ್ಲು.”

ನನಗೆ ಸಿಟ್ಟು ಬಂತು. ಅವ್ವ ಸೋಮವಾರ ಮಧ್ಯಾಹ್ನ ಹೊಟ್ಟೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ, ಸೀನು ಬಂತು.

ನಮ್ಮ ಮನೆಯ ಮುಂದೆ ಓಣಿಗೆ ಓಣಿಯೇ ಸೇರಿತ್ತು. ಇಜಾಜ್ ಕೈಯಲ್ಲಿ ರಟ್ಟು ಹಿಡಿದು ಬರೆಯುತ್ತಿದ್ದ. ಜಂಬಯ್ಯನವರು ಅವನಿಗೆ ಒಕ್ಕಣೆ ಹೇಳಿಕೊಡುತ್ತಿದ್ದರು. ಡಾಕ್ಟರ್ ಯೋಗರಾಜ್ ಕ್ಲಿನಿಕ್ಕಿಗೆ ಹೋಗುವುದನ್ನು ಬಿಟ್ಟು ಬೇಲಿಗೆ ಒರಗಿದ್ದರು. ಆಟೋದಿಂದ ಅಪ್ಪಾಜಿ ಇಳಿದರು, ಹಿಂದೆಯೇ ಕೊಟ್ರವ್ವ ಇಳಿದರು. ಜನ ಗುಜುಗುಜು ಎನ್ನುವುದನ್ನೂ ಮರೆತು ನೋಡಿದರು. ಜಂಬಯ್ಯನವರು ಇಜಾಜನಿಗೆ ಮೊಣಕೈಯಿಂದ ತಿವಿದು, “ಬರ್ಕೊ, ಇಬ್ರೂ ಜೋಡಿಯಾಗೇ ಬಂದ್ರು,” ಎಂದರು.

ವಾಣಿ ಗೇಟಿನ ಹತ್ತಿರ ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು. ನನ್ನ ಹತ್ತಿರ ಬಂದು ಮೆಲ್ಲಗೆ, “ಅಣ್ಣಾ, ಈ ಸಂಬಂಧ ಮುರಿದುಬಿತ್ತಾ?” ಎಂದು ಕೇಳಿದಳು. ಅಪ್ಪಾಜಿಗೂ ಅದು ಕೇಳಿಸಿತು. ಅವರು ಮಗಳ ಮುಖ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಹತ್ತಿ ನಿಂತರು.

“ಎಲ್ಲಾರೂ ಕೇಳ್ರಿ. ನನಗೆ ಹರಿಹರದಾಗೆ ಯಾವ ಸಂಸಾರನೂ ಇಲ್ಲ. ನಾನು ಅಲ್ಲಿಗೆ ಊಟಕ್ಕೆ ಹೋಗ್ತಿದ್ದೆ. ಮೂವತ್ತು ವರ್ಷ ಸೋಮವಾರ ಉಂಡೀನಿ. ಈ ತಾಯಿ ನನಗೆ ಅನ್ನ ಹಾಕ್ಯಾಳೆ, ಅಷ್ಟೇ.”

ಯಾರೋ ಒಬ್ಬರು ‘ಶಿವ ಶಿವಾ’ ಎಂದರು. ಜಂಬಯ್ಯನವರು ಮುಂದೆ ಬಂದು ಕೈ ಮುಗಿದರು. ಅವರ ಕಣ್ಣಲ್ಲಿ ನೀರಿತ್ತು.

“ನೋಡ್ರಿ, ಮಗಳ ಸಲುವಾಗಿ ಎಂಥ ಸುಳ್ಳು ಹೇಳ್ತಿದಾರೆ,” ಎಂದರು. “ಎರಡನೇ ಸಂಸಾರ ಅಂದ್ರೆ, ಮನಿಷಾ ಅಂದಮ್ಯಾಲೆ ಆಗ್ತೈತೆ, ನಂಬ್ತೀನಿ. ಕೆಂಚವೀರಪ್ಪನೋರು ಸೋಮವಾರ ಉಂಡ್ರು ಅಂದ್ರೆ ನಾನು ಸತ್ರೂ ಸಹಿ ಮಾಡಲ್ಲ.”

“ಸಾಧ್ಯನೇ ಇಲ್ಲ,” ಎಂದರು ಡಾಕ್ಟರ್ ಯೋಗರಾಜ್. “ಇವರ ಶುಗರ್ ಹಿಡಿತದಾಗಿರೋದು ಉಪವಾಸದಿಂದಾನೇ ಅಂತ ನಾನು ಎಲ್ಲ ಪೇಷಂಟ್‌ಗಳಿಗೆ ಹೇಳ್ತೀನಿ.”

ಜನರೆಲ್ಲ ತಲೆಯಾಡಿಸಿದರು. ಮೂವತ್ತು ವರ್ಷ ಸುಳ್ಳು ಹೇಳಿದಾಗ ನಂಬಿದವರು, ಒಂದು ದಿನ ನಿಜ ಹೇಳಿದರೆ ಒಪ್ಪಲು ತಯಾರಿಲ್ಲ. ಅಪ್ಪಾಜಿ ದಿಕ್ಕು ತೋಚದೆ ನನ್ನನ್ನು ನೋಡಿದರು. ಬಾಳಿನಲ್ಲಿ ಮೊದಲ ಸಲ ಅವರು ನನ್ನಿಂದ ಏನನ್ನೋ ಕೇಳುತ್ತಿದ್ದರು, ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಕೊಟ್ರವ್ವ ಮೆಟ್ಟಿಲ ಮೇಲೆ ಕ್ಯಾರಿಯರ್ ಇಟ್ಟು ಬಿಚ್ಚಿದರು. ಮುಚ್ಚಳದಲ್ಲಿ ಎರಡು ರೊಟ್ಟಿ ಹಾಕಿ, ಎಣ್ಣೆಗಾಯಿ ಬಡಿಸಿ, ಅಪ್ಪಾಜಿಯ ಮುಂದೆ ಸರಿಸಿದರು. “ಉಣ್ರಿ, ಕೆಂಚವೀರಪ್ಪನೋರೆ,” ಎಂದರು.

ಅಪ್ಪಾಜಿ ಮೆಟ್ಟಿಲ ಮೇಲೆ ಕುಳಿತರು. ರೊಟ್ಟಿ ಮುರಿದ ಕೈ ಬಾಯಿಯ ಹತ್ತಿರ ಹೋಗಿ ನಿಂತಿತು. ಇಡೀ ಬಿ ಬ್ಲಾಕು ಉಸಿರು ಹಿಡಿದು ನೋಡುತ್ತಿತ್ತು. ಕಣ್ಣು ಮುಚ್ಚಿ ತುತ್ತನ್ನು ಬಾಯಿಗೆ ಇಟ್ಟುಕೊಂಡರು. ಅಗಿದರು. ನುಂಗಿದರು. ಮೊದಲ ರೊಟ್ಟಿ ಮುಗಿಯುವ ಹೊತ್ತಿಗೆ ಎಷ್ಟು ಪಳಗಿದ ಕೈಯಿಂದ ಬದನೇಕಾಯಿಯ ತೊಟ್ಟು ಬಿಡಿಸಿ ಹಚ್ಚಿಕೊಳ್ಳುತ್ತಿದ್ದರೆಂದರೆ, ಇದು ಇವತ್ತು ಕಲಿತ ವಿದ್ಯೆಯಲ್ಲವೆಂದು ಜಂಬಯ್ಯನವರಿಗೂ ಅನಿಸಿರಬೇಕು. ಅವರು ಮೂಲೆಗೆ ಹೋಗಿ ಕುಳಿತುಬಿಟ್ಟರು.

“ಇದನ್ನ ಏನಂತ ಬರೀಲಿ ಸರ್?” ಎಂದು ಇಜಾಜ್ ನನ್ನನ್ನು ಕೇಳಿದ. “ಫಾರಂನಾಗೆ ಕಾಲಂ ಇಲ್ಲ.”

“ಹೆಂಡತಿ ಒಬ್ಬಾಕೆ ಅಂತ ಬರೀರಿ,” ಎಂದರು ಅಪ್ಪಾಜಿ, ತಲೆ ಎತ್ತದೆ. “ಅಕಿ ಹೆಸ್ರಿನ ಮುಂದೆ ಉಪವಾಸ ಇದ್ಲು ಅಂತ ಬರೀರಿ.” ಅವರ ಕಣ್ಣೀರು ಎಣ್ಣೆಗಾಯಿಯ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ, ಕೈ ಎಂಜಲಾಗಿತ್ತು. ನನ್ನ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿಯಿತು ಎಂದರೆ ಸುಳ್ಳಾದೀತು.

ಮುಚ್ಚಳ ಖಾಲಿಯಾಯಿತು. ಅಪ್ಪಾಜಿ ತಲೆ ತಗ್ಗಿಸಿ, ಇನ್ನೇನು ಹೇಳುತ್ತಾರೋ ಎಂದು ಕಾಯುವವರಂತೆ ಕುಳಿತಿದ್ದರು. ಕೊಟ್ರವ್ವ ಅವರನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಕ್ಯಾರಿಯರಿನ ಕೆಳಗಿನ ಡಬ್ಬಿ ತೆಗೆದು, ಸೌಟು ಕೈಗೆತ್ತಿಕೊಂಡರು.

“ಇನ್ನೊಂದೀಟು ಪಲ್ಯ ಹಾಕ್ಲೇನ್ರಿ, ಬೀಗರೆ?”

ಅಪ್ಪಾಜಿ ಎರಡೂ ಕೈಯಲ್ಲಿ ಮುಚ್ಚಳ ಹಿಡಿದು ಮುಂದೆ ಚಾಚಿದರು. ವಾಣಿ ಕಣ್ಣು ಒರೆಸಿಕೊಂಡು ಒಳಗೆ ಹೋಗಿ ನಮಗೆಲ್ಲ ತಟ್ಟೆ ತಂದಳು.